ದೇಸಾಯರ ವಾಡೆಯ ಪ್ರೇಮಕತೆ ಬರೆಯುವವರಿಗೆ

ಧಾರವಾಡ, ಗದಗ, ಹಾವೇರಿ ಸೀಮೆಯ ದೇಸಗತಿ ಮನೆಯೊಂದನ್ನು, ಅಂದರೆ ಸೀಮೆಯ ಕಂದಾಯ ನೋಡಿಕೊಳ್ಳುತ್ತಿದ್ದ ದೇಸಾಯರ ದೊಡ್ಡ ಮನೆಯೊಂದನ್ನು (ವಾಡೆ) ಇಟ್ಟುಕೊಂಡು ಪ್ರೇಮಕತೆ ಬರೆಯಬೇಕು ಅಂತಿದ್ದೀರಾ? ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಈ ಸೀಮೆ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯಿತು. ಅದಕ್ಕೂ ಮುಂಚಿನ ದೇಸಾಯಿಯ ಗತ್ತೇ ಬೇರೆ, ಕಲೆಕ್ಟರ್ ಹುಕುಂಗೆ ಕಾಯುವ ದೇಸಾಯಿಯ ಕಥೆಯೇ ಬೇರೆ. ನನ್ನ ಆಯ್ಕೆ 1850ರ ದಶಕ.

ಯಾಕೆ ಅಂದರೆ, ಆಗ ಪ್ರೇಮಿಗಳಿಗೆ ಅಡ್ಡ ಬರಲು ದುಷ್ಟ ಸೋದರಮಾವ ಬೇಕಾಗಿಲ್ಲ. ವತನವೇ, ಅಂದರೆ ವಂಶಪಾರಂಪರ್ಯದ ಹುದ್ದೆ ಮತ್ತು ಅದರ ಜಮೀನೇ ಸಾಕು. ಗಂಡುಮಗು ಇಲ್ಲದೆ, ದತ್ತಕಕ್ಕೆ ಕಂಪನಿಯವರು ಒಪ್ಪದೆ ಹೋದರೆ ಸಂಸ್ಥಾನ ಮುಳುಗಿದ ಹಾಗೇ. 1824ರಲ್ಲಿ ಕಿತ್ತೂರು ಹೊತ್ತಿಕೊಂಡಿದ್ದು ಇದೇ ಮಾತಿಗೆ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬರು ಬಂಡೆದ್ದಾಗಲೂ ದತ್ತಕದ ನೋವು ಅದರ ಹಿಂದಿತ್ತು. ಸಾಲದ್ದಕ್ಕೆ 1852ರ ಇನಾಂ ಕಾಯ್ದೆ ಬೇರೆ, ಇನಾಂ ಜಮೀನು ನಿಮ್ಮದೇ ಅನ್ನೋದಕ್ಕೆ ಅಜ್ಜ ಮುತ್ತಜ್ಜನ ಕಾಲದ ಸನದು (ದಾನಪತ್ರ) ತೋರಿಸಿ ಅಂತ.

ಈಗ ಇದರೊಳಗೆ ಒಂದು ಜೋಡಿ ಇಡಿ. ಮಕ್ಕಳಿಲ್ಲ, ಆದರೆ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾಳೆ. ಅವಳನ್ನು ದಯವಿಟ್ಟು ಕೆಟ್ಟವಳಾಗಿ ಬರೆಯಬೇಡಿ, ಆ ವಾಡೆಯನ್ನೇ ನಂಬಿಕೊಂಡ ಒಕ್ಕಲುಗಳು, ಆಳುಮಕ್ಕಳು, ವಿಧವೆ ನಾದಿನಿ ಎಲ್ಲರ ಚಿಂತೆ ಅವಳ ತಲೆ ಮೇಲಿದೆ ಅಲ್ವಾ? ಯಾರದ್ದೂ ತಪ್ಪಿಲ್ಲದ ಕಡೆಯೇ ಓದುವವರ ಕರುಳು ಹಿಂಡುತ್ತದೆ.

ಒಂದು ಮಾತು. ಆಗ ಹೆಣ್ಣುಮಕ್ಕಳಿಗೆ ತೀರ ಎಳವೆಯಲ್ಲೇ ಮದುವೆ ಮಾಡುತ್ತಿದ್ದರು. ಅದನ್ನು ಪ್ರೇಮ ಅಂತ ಬಣ್ಣ ಹಚ್ಚಬೇಡಿ. ಇಬ್ಬರೂ ಬೆಳೆದು ಸಂಸಾರ ಮಾಡುವ ಹೊತ್ತಿಗೆ ಕತೆ ಶುರುವಾಗಲಿ.

ವಾಡೆಯಲ್ಲಿ ಏಕಾಂತ ಸಿಗುವುದು ಕಷ್ಟ. ಬಾಗಿಲಲ್ಲಿ ಕಾವಲು, ಪಡಸಾಲೆಯಲ್ಲಿ ಲೆಕ್ಕ ಬರೆಯುವವರು, ಒಳಗೆ ಹಿರಿಯರು. ಹಾಡುಹಗಲು ತೋಟದಲ್ಲಿ ಕೈಕೈ ಹಿಡಿದು ಓಡಾಡಿಸಿದರೆ ಯಾರೂ ನಂಬಲ್ಲ. ಪ್ರೇಮಪತ್ರವೂ ಸಲೀಸಲ್ಲ. ದಫ್ತರದ ಕಾಗದ ಜಾಸ್ತಿ ಮೋಡಿಯಲ್ಲಿ (ಮರಾಠಿಯ ಕೂಡುಬರಹದ ಲಿಪಿ) ಇರುತ್ತಿತ್ತು, ಓದು ಬಲ್ಲ ಹೆಂಗಸರು ಕಡಿಮೆ, ಹಾಗಾಗಿ ಗಂಡ ಬರೆದಿದ್ದನ್ನು ಗುಮಾಸ್ತನೇ ಅವಳಿಗೆ ಓದಿ ಹೇಳಬೇಕಾದರೆ ಆ ಕಾಗದದಲ್ಲಿ ಅವನು ಏನು ತಾನೇ ಬರೆದಾನು! ಬೆಳೆ, ಮಳೆ, ಎತ್ತು ಅಂತ ಬರೆದು ಅದರಲ್ಲೇ ಅವಳಿಗೆ ಮಾತ್ರ ತಿಳಿಯುವ ಒಂದು ಮಾತು ಸೇರಿಸಲಿ. ಊಟವಾದ ಮೇಲೆ ಅವಳು ಕಳಿಸುವ ಸವಣೂರು ವೀಳ್ಯದೆಲೆಯ ತಟ್ಟೆಗೂ ಅಷ್ಟೇ ಕೆಲಸ ಕೊಡಬಹುದು.

ಎಲ್ಲಕ್ಕಿಂತ ಚಂದದ ದಾರಿ ಒಡಪು, ಅಂದರೆ ಗಂಡನ ಹೆಸರು ಸೇರಿಸಿ ಹೇಳುವ ಪುಟ್ಟ ಪದ್ಯ. ಗಂಡನ ಹೆಸರು ಬಾಯಲ್ಲಿ ತರಬಾರದು, ಆದರೆ ಆರತಿ ಹೊತ್ತಿಗೆ ಎಲ್ಲರೂ ಸೇರಿ ಒಡಪು ಹಾಕು ಅಂತ ಕಾಡುತ್ತಾರೆ. ನಿಮ್ಮ ನಾಯಕ ಬಸವಂತರಾಯ ಅಂತಿಟ್ಟುಕೊಳ್ಳಿ:

"ಸವಣೂರ ಎಲಿ, ಶಿರಸಿ ಅಡಕಿ, ಬಟ್ಟಲ ತುಂಬ,
ಬಸವಂತರಾಯರ ಹೆಸರ, ನನ್ನ ಎದಿ ತುಂಬ."

ಎರಡನೇ ಹೆಣ್ಣಿನ ಮಾತು ನಡೆದಿರುವ ಮನೆಯಲ್ಲಿ, ಅತ್ತೆಯ ಎದುರೇ ಅವಳು ಇದನ್ನು ಹೇಳಿದರೆ? ಐದು ಪುಟದ ಜಗಳಕ್ಕಿಂತ ಜೋರಾಗಿರುತ್ತದೆ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ರೈಲು ತರಬೇಡಿ, ಅದು ಈ ಕಡೆ ಬಂದಿದ್ದು 1880ರ ದಶಕದಲ್ಲಿ. ಮೇಣೆ, ಕುದುರೆ, ಚಕ್ಕಡಿ ಇವೆ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಸರಿ. ದಾರಿ, ಜಾತ್ರೆ, ಬೆಲೆ ತಿಳಿಯಲು 1884ರ ಧಾರವಾಡ ಗೆಜೆಟಿಯರ್ ಓದಿ, ಬರೆದವರು ಇಂಗ್ಲಿಷ್ ಅಧಿಕಾರಿಗಳು ಅನ್ನೋದು ಮಾತ್ರ ನೆನಪಿರಲಿ.

ನವಾಬರ ಮನೆಯೇ ಬೇಕು ಅಂದರೆ ಸವಣೂರು ಇದೆ. ಹೈದರಾಲಿ ಮತ್ತು ಸವಣೂರು ನವಾಬರ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧ. ಆಮೇಲೆ 1786ರಲ್ಲಿ ಹೈದರಾಲಿಯ ಮಗ ಟಿಪ್ಪುವೇ ಸವಣೂರನ್ನು ಹಿಡಿದ. ತವರಿನ ದಂಡು ಗಂಡನ ಊರಿಗೆ ನುಗ್ಗಿದ ದಿನ ಆ ಸೊಸೆ ಯಾರ ಕಡೆ ನಿಂತಳು ಅನ್ನೋದರಿಂದಲೇ ಬರೆಯಲು ಶುರು ಮಾಡಿ.