ಶ್ರಾವಣದ ಓದಿಗೆ ಇ-ಪುಸ್ತಕ: ದುಡ್ಡು ಎಲ್ಲಿ ಕೊಡಬೇಕು, ಎಲ್ಲಿ ಬೇಡ

ಹೋದ ಶ್ರಾವಣದಲ್ಲಿ ವಿಜಯಪುರದ ನಮ್ಮ ಓಣಿಯ ಕಾಕಾ ಒಬ್ಬರು ಫೋನ್ ಹಿಡಿದುಕೊಂಡು ಮನೆಗೆ ಬಂದರು. ಬಸವಣ್ಣನ ವಚನಗಳ ಇ-ಪುಸ್ತಕ ನಾಲ್ಕು ಕೊಂಡಿದ್ದರು. ಒಟ್ಟು ನಾನೂರು ರೂಪಾಯಿ ಚಿಲ್ಲರೆ. "ತಮ್ಮಾ, ಇದರಾಗ ಅಕ್ಷರ ದೊಡ್ಡವು ಆಗವಲ್ಲು ನೋಡೋ" ಅಂದರು. ತೆಗೆದು ನೋಡಿದೆ. ಮೊದಲನೆಯದು ಹಳೇ ಪುಸ್ತಕದ ಪುಟಗಳ ಫೋಟೊ. ಎರಡನೆಯದು, ಮೂರನೆಯದು ಒಂದೇ ಪುಸ್ತಕ, ಮುಖಪುಟ ಮಾತ್ರ ಬೇರೆ. ನಾಲ್ಕನೆಯದು ಸರಿ ಇತ್ತು. ಆದರೆ ಅದರಲ್ಲಿದ್ದ ವಚನಗಳೆಲ್ಲ ಪುಕ್ಕಟೆ ಸಿಗುವಂಥವು.

ಇದೇ ತಪ್ಪನ್ನು ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹೆಜ್ಜೆ 1: ಬೇಕಾಗಿರುವುದು ಮೂಲವೋ, ಅರ್ಥವೋ?

ವಚನ, ದಾಸರ ಪದ, ಗೀತೆಯ ಶ್ಲೋಕ ಇವೆಲ್ಲ ಶತಮಾನಗಳ ಹಿಂದಿನವು. ಅವುಗಳ ಮೂಲಕ್ಕೆ ಈಗ ಯಾರ ಹಕ್ಕೂ (ಕಾಪಿರೈಟ್) ಇಲ್ಲ. ಇವತ್ತಿನವರು ಬರೆದ ಅರ್ಥ, ವಿವರಣೆ, ಅನುವಾದಕ್ಕೆ ಹಕ್ಕು ಇರುತ್ತದೆ, ಆ ದುಡಿಮೆಗೆ ದುಡ್ಡು ಕೊಡುವುದು ನ್ಯಾಯ. ಬರೀ ಮೂಲ ಓದುವವರು ಅಂಗಡಿಯ ಆ್ಯಪ್ ತೆರೆಯಲೇಬೇಡಿ. ಎರಡನೇ ಹೆಜ್ಜೆಯಲ್ಲೇ ನಿಮ್ಮ ಕೆಲಸ ಮುಗಿಯುತ್ತದೆ.

ಹೆಜ್ಜೆ 2: ಪುಕ್ಕಟೆ ಸಿಗುವ ಕಡೆ ಮೊದಲು ನೋಡಿ

ವಚನಗಳಿಗೆ 'ವಚನ ಸಂಚಯ' ಜಾಲತಾಣ ಇದೆ. 20 ಸಾವಿರಕ್ಕೂ ಜಾಸ್ತಿ ವಚನಗಳಿವೆ, ಒಂದು ಪದ ಹಾಕಿದರೆ ಸಾಕು, ಅದು ಬಂದ ವಚನಗಳೆಲ್ಲ ಮುಂದೆ ಬರುತ್ತವೆ. ದಾಸರ ಪದಗಳಿಗೆ 'ದಾಸ ಸಂಚಯ'. ಬಾಗಲಕೋಟೆಯವರೇ ಆದ ಪ್ರಸನ್ನ ವೆಂಕಟದಾಸರ ಪದಗಳನ್ನು ಹುಡುಕುವವರು ಅಲ್ಲಿಂದ ಶುರು ಮಾಡಿ. ಹಳೇ ಕೃತಿಗಳನ್ನು ಪುಕ್ಕಟೆ ಓದಲು ಇಟ್ಟಿರುವ ಕನ್ನಡ ವಿಕಿಸೋರ್ಸ್ ಜಾಲತಾಣ ಕೂಡ ಇದೆ. ಹಳೇ ಪುಸ್ತಕಗಳ ಸ್ಕ್ಯಾನ್ ಬೇಕಾದರೆ ಇಂಟರ್ನೆಟ್ ಆರ್ಕೈವ್. ಅಲ್ಲಿ ಪುಸ್ತಕದ ಹೆಸರನ್ನು ಕನ್ನಡದಲ್ಲೂ ಹಾಕಿ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ನಮ್ಮೂರಿನವರಿಗೆ ಒಂದು ವಿಶೇಷ. ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ನಮ್ಮ ಕಾನೂನಿನಂತೆ ಲೇಖಕರು ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಲೆಕ್ಕ ಹಾಕಿ: 2025ರ ಜನವರಿ 1ರಿಂದ, ಅವರು ಬದುಕಿದ್ದಾಗ ಅಚ್ಚಾದ ಅವರ ಪುಸ್ತಕಗಳು ಎಲ್ಲರವೂ. 1923ರಲ್ಲಿ ಮೊದಲ ಭಾಗ ಬಂದ 'ವಚನಶಾಸ್ತ್ರಸಾರ'ದ ಹಳೇ ಪ್ರತಿಯನ್ನು ಯಾರಾದರೂ 150 ರೂಪಾಯಿಗೆ ಇ-ಪುಸ್ತಕ ಮಾಡಿ ಮಾರಿದರೆ, ಅವರು ಹೊಸದಾಗಿ ಏನು ಸೇರಿಸಿದ್ದಾರೆ ಅಂತ ನೋಡಿ. ಏನೂ ಇಲ್ಲದಿದ್ದರೆ ಯಾಕೆ ಕೊಡಬೇಕು? ಇವತ್ತಿನ ಸಂಪಾದಕರು ಟಿಪ್ಪಣಿ ಹಾಕಿ ತಂದಿದ್ದರೆ ಆ ಮಾತು ಬೇರೆ.

ವಾಟ್ಸ್ಆ್ಯಪ್‌ನಲ್ಲಿ "500 ಧಾರ್ಮಿಕ ಪುಸ್ತಕ ಬರೀ 99 ರೂಪಾಯಿ" ಅಂತ ಬರುತ್ತದಲ್ಲ, ಅದರ ಹತ್ತಿರ ಹೋಗಬೇಡಿ. ಅರ್ಧ ಕದ್ದ ಮಾಲು, ಉಳಿದರ್ಧ ಪುಕ್ಕಟೆ ಸಿಗುವುದು. ನಾನೂ ಒಮ್ಮೆ ಕೊಂಡಿದ್ದೆ. ಪಂಚಾಂಗವೇ ಹನ್ನೊಂದು ಇದ್ದವು, ಎಲ್ಲ ಮುಗಿದ ವರ್ಷದವು.

ಹೆಜ್ಜೆ 3: ಸ್ಯಾಂಪಲ್ ತೆರೆದು ಪರೀಕ್ಷೆ ಮಾಡಿ

ಜನ ಎಡವುವುದು ಇಲ್ಲೇ. ಮುಖಪುಟದ ಮೇಲಿನ ಬಸವಣ್ಣನ ಚಿತ್ರ ನೋಡಿ ಕೈಮುಗಿದು 'ಖರೀದಿಸಿ' ಒತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಮಾದರಿ ಪುಟಗಳನ್ನು ಪುಕ್ಕಟೆ ಓದಬಹುದು. ಸ್ಯಾಂಪಲ್ ಇಳಿಸಿಕೊಂಡು ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದಕ್ಕೆ ಬಣ್ಣ ಬಂದರೆ ಅದು ಬಹುಮಟ್ಟಿಗೆ ನಿಜವಾದ ಅಕ್ಷರ, ದೊಡ್ಡದು ಆಗುತ್ತದಾ ಅಂತ ಅಲ್ಲೇ ಮಾಡಿ ನೋಡಿ. ಬಣ್ಣ ಬರಲೇ ಇಲ್ಲ ಅಂದರೆ ಬಹುಮಟ್ಟಿಗೆ ಪುಟದ ಫೋಟೊ. ಸಣ್ಣ ಫೋನಿನಲ್ಲಿ ಅದನ್ನು ಓದುವುದೆಂದರೆ ಸಾಲು ಸಾಲಿಗೂ ಪುಟ ಎಳೆದಾಡಬೇಕು. ಕಾಕಾನ ತಕರಾರು ಇದೇ.

ಆಮೇಲೆ 'ಧರ್ಮ', 'ಕರ್ಮ', 'ಸರ್ವ' ಇಂಥ ಪದ ಹುಡುಕಿ ಕಣ್ಣಿಟ್ಟು ನೋಡಿ. ಹಳೇ 'ನುಡಿ', 'ಬರಹ' ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು, ಈಗ ಎಲ್ಲ ಫೋನಿನಲ್ಲೂ ನಡೆಯುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ. 'ಧರ್ಮ' ಹೋಗಿ 'ಧಮರ್' ಆಗುತ್ತದೆ, 'ಕರ್ಮ' ಹೋಗಿ 'ಕಮರ್'. ಸ್ಯಾಂಪಲ್‌ನಲ್ಲಿ ಒಂದು 'ಧಮರ್' ಕಂಡರೆ ಮುಂದೆ ನೂರು ಇರುತ್ತವೆ. ಅಲ್ಲಿಗೇ ಬಿಡಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಬಸವಣ್ಣನ ವಚನಗಳ ಪುಸ್ತಕ ಅಂದಮೇಲೆ ಹೆಚ್ಚೂಕಡಿಮೆ ಪ್ರತಿ ವಚನದ ಕೊನೆಗೆ ಕೂಡಲಸಂಗಮದೇವನ ಅಂಕಿತ ಇರಲೇಬೇಕು. ಪುಸ್ತಕದೊಳಗಿನ ಹುಡುಕು ಪೆಟ್ಟಿಗೆಯಲ್ಲಿ 'ಸಂಗಮ' ಅಂತ ಹಾಕಿ. ಕಣ್ಣಿಗೆ ಪುಟದ ತುಂಬ ಸಂಗಮ ಕಾಣುತ್ತಿದ್ದರೂ ಹುಡುಕಿದರೆ ಸೊನ್ನೆ ಬಂತಾ? ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಒತ್ತಿರಬಹುದು. ನೋಡಲು ಎರಡೂ ಒಂದೇ ಥರ, ಫೋನಿಗೆ ಮಾತ್ರ ಬೇರೆ. ಪ್ರವಚನಕ್ಕೆಂದು ವಚನ ಹುಡುಕುವವರಿಗೆ ಆ ಪುಸ್ತಕ ದಂಡ.

ಕೊನೆಗೆ ಸಂಪಾದಕರ ಹೆಸರು, ವಚನದ ಸಂಖ್ಯೆ, ಯಾವ ಆವೃತ್ತಿ ಇವು ಇವೆಯಾ ನೋಡಿ. ಇವು ಮೂರೂ ಇಲ್ಲದ ಪುಸ್ತಕವನ್ನು ನಾನು ಹತ್ತು ರೂಪಾಯಿಗೂ ತಗೊಳ್ಳುವುದಿಲ್ಲ.

ಹೆಜ್ಜೆ 4: ಬೆಲೆ ಹೋಲಿಸಿ, ಅಚ್ಚಿನದ್ದನ್ನೂ ಸೇರಿಸಿ

ಇ-ಪುಸ್ತಕ ಮಾರುವ ಮೈಲ್ಯಾಂಗ್, ವಿವಿಡ್‌ಲಿಪಿ, ಗೂಗಲ್ ಪ್ಲೇ ಮೂರರಲ್ಲೂ ನೋಡಿ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಇದೆ. 2018ರಲ್ಲಿ ಬಂದ ನಿಯಮದ ಪ್ರಕಾರ ಅಚ್ಚಿನಲ್ಲೂ ಬಂದ ಪುಸ್ತಕಕ್ಕೆ 5 ಪರ್ಸೆಂಟ್, ಬರೀ ಇ-ಪುಸ್ತಕವಾಗಿದ್ದರೆ 18. ಮಠ, ಟ್ರಸ್ಟ್‌ಗಳ ಪುಸ್ತಕಗಳು ಅಚ್ಚಿನಲ್ಲೇ ಅಗ್ಗ ಇರುವುದು ಜಾಸ್ತಿ. ನಿತ್ಯ ಪಾರಾಯಣಕ್ಕಂತೂ ಗೀತಾ ಪ್ರೆಸ್‌ನ ಸಣ್ಣ ಗೀತೆ ತಗೊಳ್ಳಿ, ಫೋನ್ ಬೇಡ. ಎರಡನೇ ಅಧ್ಯಾಯದ ನಡುವೆ ಸಾಲದ ಕಂಪನಿಯವರ ಕಾಲ್ ಬರುತ್ತದೆ.

ಇ-ಪುಸ್ತಕದ ಆ್ಯಪ್‌ಗೆ ತಿಂಗಳ ಚಂದಾ ಕಟ್ಟುವುದು ಸುಮ್ನೆ ಖರ್ಚು. ಶ್ರಾವಣ ಮುಗಿದರೂ ದುಡ್ಡು ಕಟ್ ಆಗುತ್ತಲೇ ಇರುತ್ತದೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಮಾತು ಬೇಕು ಅಂತ ಬಹಳ ಜನ ಕೇಳುತ್ತಾರೆ. ಅವರ ಪ್ರವಚನಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಅಂಗಿಗೆ ಜೇಬೇ ಇಡಿಸಿಕೊಳ್ಳದವರ ಮಾತನ್ನು ಯಾರೋ ಇಳಿಸಿ, ತಪ್ಪುತಪ್ಪಾಗಿ ಟೈಪ್ ಮಾಡಿ ಮಾರುವ ಫೈಲಿಗೆ ದುಡ್ಡು ಕೊಡಬೇಡಿ. ಪುಸ್ತಕವೇ ಬೇಕಾದರೆ ಆಶ್ರಮದಲ್ಲೇ ಕೇಳಿ.

ಹೆಜ್ಜೆ 5: ಯುಪಿಐನಲ್ಲಿ ದುಡ್ಡು ಕಟ್ಟಿ, ರಸೀದಿಯ ಇಮೇಲ್ ಇಟ್ಟುಕೊಳ್ಳಿ

ಇಷ್ಟೇ. ಪುಸ್ತಕವನ್ನು ಮನೆಯಲ್ಲಿ ನೆಟ್ ಇದ್ದಾಗಲೇ ಪೂರ್ತಿ ಇಳಿಸಿಕೊಳ್ಳಿ. ಮೊನ್ನೆ ಸೋಮವಾರ ಕಾಕಾ ಕೂಡಲಸಂಗಮಕ್ಕೆ ಹೋಗಿ ಹೊಳೆ ದಂಡೆಯಲ್ಲಿ ಕೂತು ಓದಬೇಕೆಂದು ಪುಸ್ತಕ ತೆರೆದರೆ ಚಕ್ರ ತಿರುಗುತ್ತಲೇ ಇತ್ತಂತೆ. ಬಾಯಿಪಾಠ ಇದ್ದ ನಾಲ್ಕು ವಚನ ಹೇಳಿಕೊಂಡು ಬಸ್ ಹತ್ತಿ ಬಂದರು.