ಪಂಚಾಂಗ ಹಿಡಿದು ಚಂದ್ರನ ಕಲ್ಲು ಓದುವ ಕ್ರಮ

ಬೋರ್‌ವೆಲ್‌ಗೆ ಜಾಗ ಗುರುತಿಸುವ ಕೆಲಸದಲ್ಲಿ ಮೂವತ್ತು ವರ್ಷ ಹಿರಿಯೂರು, ಚಳ್ಳಕೆರೆ ಸುತ್ತಿನ ಬಂಡೆಗಳನ್ನು ತುಳಿದವನು ನಾನು. ನಿವೃತ್ತನಾದ ಮೇಲೆ ಮೊಣಕಾಲು ಗುಡ್ಡ ಹತ್ತಲು ಒಪ್ಪಲಿಲ್ಲ, ಮಹಡಿಯ ಮೆಟ್ಟಿಲಿಗೆ ಮಾತ್ರ ಒಪ್ಪಿತು. ಹಾಗಾಗಿ ಈಗ ನೋಡುವುದು ಚಂದ್ರನ ಬಂಡೆಗಳನ್ನು. ಬೇಕಾದದ್ದು 10×50 ಬೈನಾಕ್ಯುಲರ್, ಚಂದ್ರನ ಒಂದು ನಕ್ಷೆ, ಪೆನ್ಸಿಲ್, ಗೋಡೆಯ ಮೇಲಿನ ಕ್ಯಾಲೆಂಡರ್. ಇನ್ನೊಂದು, ಎರಡು ಸೇರು ರಾಗಿ ತುಂಬಿದ ಬಟ್ಟೆ ಚೀಲ. ಅದನ್ನು ಪ್ಯಾರಾಪೆಟ್ ಮೇಲೆ ಇಟ್ಟು ಬೈನಾಕ್ಯುಲರನ್ನು ಅದರೊಳಗೆ ಹುದುಗಿಸಿದರೆ ಕೈ ನಡುಗುವುದಿಲ್ಲ. ಚಂದ್ರ ನೆತ್ತಿಗೆ ಬಂದಾಗ ಚೀಲ ಉಪಯೋಗಕ್ಕೆ ಬಾರದು, ಆಗ ಈಸಿಚೇರಿನಲ್ಲಿ ಒರಗಿ ನೋಡಬೇಕು.

ನಾನು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ತುಂಬು ಚಂದ್ರನೇ ಚೆನ್ನ ಎಂದುಕೊಂಡು ಹುಣ್ಣಿಮೆಯ ದಿನ ಹತ್ತಿದೆ. ಕಂಡದ್ದು ಸುಣ್ಣ ಬಳಿದ ಗೋಡೆ, ಅದರ ಮೇಲೆ ನಾಲ್ಕು ಕಲೆ. ಬೈನಾಕ್ಯುಲರ್ ಆರು ತಿಂಗಳು ಬೀರು ಸೇರಿತು. ಹೊಲ ಅಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು: ನಡುಮಧ್ಯಾಹ್ನ ಹೊಲದ ಏರುತಗ್ಗು ಕಾಣುವುದಿಲ್ಲ, ಬೆಳಗಿನ ಏಳು ಗಂಟೆಯ ಬಿಸಿಲಿಗೆ ಬದುವಿನ ನೆರಳೂ ಮಾರುದ್ದ ಬೀಳುತ್ತದೆ. ಚಂದ್ರನಲ್ಲೂ ಎಲ್ಲಿ ಆಗತಾನೇ ಬೆಳಗಾಗುತ್ತಿದೆಯೋ ಅಲ್ಲಿ, ಅಂದರೆ ಕತ್ತಲೆ ಬೆಳಕಿನ ಗಡಿಯಲ್ಲಿ ನೋಡಬೇಕು.

ಆ ಗಡಿ ಈ ಸಂಜೆ ಎಲ್ಲಿದೆ ಎಂಬುದನ್ನು ತಿಥಿಯೇ ಹೇಳುತ್ತದೆ. ಒಂದು ತಿಥಿ ಎಂದರೆ ಸೂರ್ಯ ಚಂದ್ರರ ನಡುವೆ 12 ಡಿಗ್ರಿ ಅಂತರ ಹೆಚ್ಚುವ ಅವಧಿ. ಅಷ್ಟರಲ್ಲಿ ಚಂದ್ರನ ಮೇಲಿನ ಬೆಳಗಿನ ಗಡಿಯೂ ಹತ್ತಿರ ಹತ್ತಿರ 12 ಡಿಗ್ರಿ ರೇಖಾಂಶ ಸರಿದಿರುತ್ತದೆ. ಆದರೆ ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಸೂರ್ಯೋದಯದ ತಿಥಿ. ಪಕ್ಕದಲ್ಲಿ ಅದು ಮುಗಿಯುವ ಹೊತ್ತು ಇರುತ್ತದೆ, ಅದನ್ನು ನೋಡಿ ಸಂಜೆಗೆ ಯಾವ ತಿಥಿ ಎಂದು ಲೆಕ್ಕ ಹಾಕಿ. ಚಂದ್ರ ನಮ್ಮ ಕಡೆಗೆ ಸ್ವಲ್ಪ ಓಲಾಡುವುದರಿಂದ ಅರ್ಧ ತಿಥಿಯಷ್ಟು ಹೆಚ್ಚುಕಡಿಮೆ ಆಗುವುದುಂಟು.

ಶುದ್ಧ ಷಷ್ಠಿಯಿಂದ ಶುರುಮಾಡಿ. ಚಂದ್ರ ಪಶ್ಚಿಮಕ್ಕೆ ವಾಲಿದ ಹೊತ್ತಿನಲ್ಲಿ ನಕ್ಷೆಯ ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿಯಿರಿ, ಉತ್ತರ ಆ ಕಡೆ ಇರುತ್ತದೆ. ಗಡಿಯ ಹತ್ತಿರ, ಬಾಹ್ಯಾಕಾಶದ ಬಂಡೆಗಳು ಬಡಿದು ಆದ ಮೂರು ದೊಡ್ಡ ಕುಳಿಗಳು ಸಾಲಾಗಿ ಸಿಗುತ್ತವೆ: ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ. ಥಿಯೋಫಿಲಸ್ಸಿನ ಅಗಲ ಸುಮಾರು 100 ಕಿಲೋಮೀಟರ್. ತಟ್ಟೆಯಲ್ಲಿ ಎರಡು ದೋಸೆ ಒಂದರ ಮೇಲೊಂದು ಅರ್ಧ ಬಿದ್ದಿದ್ದರೆ, ಅಂಚು ಪೂರ್ತಿ ಕಾಣುವುದೇ ಆಮೇಲೆ ಬಿದ್ದದ್ದು. ಥಿಯೋಫಿಲಸ್ಸಿನ ಅಂಚು ಪೂರ್ತಿ ಇದೆ, ಸಿರಿಲಸ್ಸಿನ ಗೋಡೆಯನ್ನು ಅದು ತಿಂದಿದೆ. ಕ್ಯಾಥರೀನಾ ಸವೆದು ಮಾಸಿ ಇವೆರಡಕ್ಕಿಂತ ಹಳೆಯದಾಗಿ ಕಾಣುತ್ತದೆ. ಯಾರು ಯಾರ ಮೇಲೆ ಕೂತಿದ್ದಾರೆ ಎಂದು ಕೇಳುವುದು ಬಂದರೆ ಚಂದ್ರನ ಭೂವಿಜ್ಞಾನದ ಅರ್ಧ ಬಂದಂತೆ.

ನವಮಿ, ದಶಮಿಗಳಲ್ಲಿ ನಿಜವಾದ ಪಾಠ. ಅಮೆರಿಕದ ಭೂವಿಜ್ಞಾನಿಗಳಾದ ಯೂಜೀನ್ ಶೂಮೇಕರ್ ಮತ್ತು ರಾಬರ್ಟ್ ಹ್ಯಾಕ್‌ಮನ್ 1962ರಲ್ಲಿ ಚಂದ್ರನ ಕಾಲಾನುಕ್ರಮ ಕಟ್ಟಿದ್ದು ಇದೇ ಪ್ರದೇಶ ನೋಡಿ. ಮೊದಲು ಇಂಬ್ರಿಯಮ್ ಎಂಬ ಭಾರೀ ಬೋಗುಣಿ, 1,100 ಕಿಲೋಮೀಟರಿಗೂ ಮಿಕ್ಕಿದ್ದು, ಸುಮಾರು 390 ಕೋಟಿ ವರ್ಷ ಹಿಂದಿನ ಹೊಡೆತ. ಅದರೊಳಗೆ ಆರ್ಕಿಮಿಡೀಸ್ ಕುಳಿ. ಅದರ ತಳ ನೋಡಿ, ಸಗಣಿ ಸಾರಿಸಿದ ಅಂಗಳದಂತೆ ನುಣ್ಣಗಿದೆ, ದೊಡ್ಡ ಕುಳಿಗಳ ನಡುವೆ ಸಾಮಾನ್ಯವಾಗಿ ಇರುವ ಶಿಖರ ಇಲ್ಲಿಲ್ಲ. ಅಂದರೆ ಕುಳಿ ಬಿದ್ದ ಮೇಲೆ ಲಾವಾ ಬಂದು ತುಂಬಿದೆ. ಆ ಲಾವಾ ಬಯಲಿನ ದಕ್ಷಿಣ ಅಂಚಿಗೆ ಎರಟಾಸ್ತನೀಸ್, ಶಿಖರ ಹಾಗೇ ಉಳಿದಿದೆ, ಆದ್ದರಿಂದ ಲಾವಾಕ್ಕಿಂತ ಈಚಿನದು. ಕೊನೆಗೆ ಕೊಪರ್ನಿಕಸ್: ಅದರಿಂದ ಚಿಮ್ಮಿದ ಬಿಳಿ ಪುಡಿ ಎರಟಾಸ್ತನೀಸಿನ ಮೇಲೂ ಬಿದ್ದಿದೆ. ಅದಕ್ಕೆ ಸುಮಾರು 80 ಕೋಟಿ ವರ್ಷ. ಚಂದ್ರನ ಲೆಕ್ಕದಲ್ಲಿ ಹುಡುಗ. ಪುಸ್ತಕ ನೋಡದೆ ಈ ಐದನ್ನೂ ಕೆಳಗಿನಿಂದ ಮೇಲಕ್ಕೆ ಬರೆದುಕೊಳ್ಳಿ. ನನಗೆ ಮೂರು ನವಮಿ ಹಿಡಿಯಿತು.

ಹುಣ್ಣಿಮೆಗೆ ಬೇರೆ ಕೆಲಸ ಇದೆ, ಬಣ್ಣ ನೋಡುವುದು. ನನ್ನ ಪ್ಯಾರಾಪೆಟ್ ಮೇಲೆ ಎರಡು ಕಲ್ಲುಗಳಿವೆ. ಒಂದು ವಿಜಯಪುರದ ಕಡೆಯ ಕರಿಕಲ್ಲು, ದಖನ್ನಿನ ಲಾವಾ ಹೆಪ್ಪುಗಟ್ಟಿದ ಬಸಾಲ್ಟ್. ಇನ್ನೊಂದು ಗೆಳೆಯರೊಬ್ಬರು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಿಂದ ತಂದ ಬೆಳ್ಳನೆಯ ಅನಾರ್ಥೊಸೈಟ್. ಚಂದ್ರನ ಕಪ್ಪು ಕಲೆಗಳು ಮೊದಲನೆಯ ಜಾತಿ, ಬಿಳಿ ಮಲೆನಾಡು ಎರಡನೆಯ ಜಾತಿ. ಇಸ್ರೊ ತನ್ನ ಲ್ಯಾಂಡರ್ ಪರೀಕ್ಷೆಗೆ ಚಂದ್ರನ ಮಣ್ಣಿನಂಥ ಪುಡಿ ಮಾಡಿಕೊಂಡದ್ದು ಈ ಎರಡನೆಯ ಕಲ್ಲಿನಿಂದಲೇ. 2023ರ ಆಗಸ್ಟ್ 23ರಂದು, ನಿಜ ಶ್ರಾವಣದ ಶುದ್ಧ ಸಪ್ತಮಿಯ ಸಂಜೆ, ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದದ್ದು 69 ಡಿಗ್ರಿ ದಕ್ಷಿಣದಲ್ಲಿ. ಅದರಿಂದ ಇಳಿದ ಪುಟ್ಟ ಗಾಡಿ ಪ್ರಜ್ಞಾನ್ 103 ಮೀಟರ್ ಓಡಾಡಿ 23 ಕಡೆ ಮಣ್ಣು ಪರೀಕ್ಷಿಸಿದಾಗ ಸಿಕ್ಕಿದ್ದೂ ಇದೇ ಜಾತಿಯ ಕಲ್ಲಿನ ಪುಡಿ. ಚಂದ್ರ ಒಮ್ಮೆ ಕರಗಿದ ಕಲ್ಲಿನ ಕಡಲಾಗಿತ್ತು, ಹಗುರ ಖನಿಜ ಹಾಲಿನ ಕೆನೆಯಂತೆ ಮೇಲೆ ಕಟ್ಟಿತು ಎಂಬ ವಾದಕ್ಕೆ ಅದು ಬಲ ಕೊಟ್ಟಿತು.

ಹುಣ್ಣಿಮೆಯ ರಾತ್ರಿಯೇ ದಕ್ಷಿಣದಲ್ಲಿ ಟೈಕೋ ಕುಳಿಯಿಂದ ಹೊರಟ ಬಿಳಿ ಗೆರೆಗಳನ್ನೂ ನೋಡಿ. ಗೆರೆ ಮಾಸಿಲ್ಲ ಎಂದರೆ ಕುಳಿ ಹೊಸದು, ಸುಮಾರು 11 ಕೋಟಿ ವರ್ಷದ್ದು. ಅಲ್ಲಿ ಗಾಳಿ ಮಳೆ ಇಲ್ಲ; ಸೂಕ್ಷ್ಮ ಉಲ್ಕೆಗಳೂ ಸೂರ್ಯನಿಂದ ಬೀಸುವ ಕಣಗಳೂ ಸೇರಿ ಈ ಬಿಳುಪನ್ನು ನಿಧಾನವಾಗಿ ಮಾಸಿಸುತ್ತವೆ.

ಮೋಡ ಬಂದು ನವಮಿ, ದಶಮಿ ತಪ್ಪಿದರೆ ತಿಂಗಳು ಕಾಯಬೇಕಿಲ್ಲ. ಹದಿನೈದು ತಿಥಿ ಬಿಟ್ಟು, ಬಹುಳದ ಅದೇ ತಿಥಿಗೆ ಅದೇ ಜಾಗದಲ್ಲಿ ಸಂಜೆಯಾಗುತ್ತಿರುತ್ತದೆ, ನೆರಳು ಮಾತ್ರ ಎದುರು ಬದಿಗೆ. ಆದರೆ ಬಹುಳ ದಶಮಿಯ ಚಂದ್ರ ಹುಟ್ಟುವುದು ರಾತ್ರಿ ಎರಡರ ಸುಮಾರಿಗೆ. ಅಲಾರಂ ಇಟ್ಟುಕೊಳ್ಳಿ, ಅಕ್ಕಪಕ್ಕದ ಮನೆಯವರಿಗೂ ಹೇಳಿಡಿ. ನಾನು ಹೇಳದೆ ಹತ್ತಿದ ಮೊದಲ ರಾತ್ರಿ, ಎದುರು ಮನೆಯವರು ಟಾರ್ಚ್ ಬಿಟ್ಟು ಕಳ್ಳ ಎಂದು ಕೂಗಿ ಬೀದಿಯನ್ನೆಲ್ಲ ಎಬ್ಬಿಸಿದ್ದರು.