ಟ್ರ್ಯಾಕರ್ ಇಲ್ಲದೆ ಆಕಾಶಗಂಗೆ: ಪುಣೆಯ ಆಸುಪಾಸಿನಲ್ಲಿ ನನ್ನ ಅನುಭವ

ಮೂರು ಸೆಕೆಂಡಿನ ಫೋಟೊಗಳನ್ನು ಸಾವಿರದಷ್ಟು ತೆಗೆದು ಒಂದರ ಮೇಲೊಂದು ಕೂಡಿಸಿದರೆ ಆಕಾಶಗಂಗೆಯ ನಡುಭಾಗ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಬೇಡ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಬೇಡ. ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಇದನ್ನು ಹೇಳಿದಾಗ ಒಬ್ಬರೂ ನಂಬಲಿಲ್ಲ. ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ, ವಿಜಯಪುರದ ಕಡೆಯವರು, ನನಗಿಂತ ಎಷ್ಟೋ ಮೊದಲಿನಿಂದ ಆಕಾಶ ನೋಡುತ್ತ ಬಂದವರು. "ಟ್ರ್ಯಾಕರ್ ಇಲ್ದ ಐವತ್ತು ಎಂಎಂನಾಗ ಏನೂ ಬರೂದಿಲ್ಲಪಾ, ಸುಮ್ನ ಪೆಟ್ರೋಲ್ ಸುಡಬ್ಯಾಡ" ಅಂದಿದ್ದರು. ಈ ಏಪ್ರಿಲ್‌ನಲ್ಲಿ ಅದೇ ಕಾಕಾ ನನ್ನ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿ, "ಹೆಂಗ ಮಾಡಿದ್ಯೋ, ಎಲ್ಲಾ ಬರದು ಕೊಡು" ಅಂದರು. ಹಾಗಾಗಿ ಈ ಬರಹ. ಅಪರ್ಚರ್, ಐಎಸ್‌ಓ, ರಾ ಫೈಲ್ ನಿಮಗೆ ಗೊತ್ತೇ ಇದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ಮೊದಲು ದುಡ್ಡಿನ ಮಾತು. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ, ಹದಿನೆಂಟು ಸಾವಿರದ ಹತ್ತಿರ. 50 ಎಂಎಂ ಎಫ್ 1.8 ಲೆನ್ಸ್ ಮುಂಬೈಯ ಫೋರ್ಟ್‌ನ ಬೋರಾ ಬಜಾರಿನಲ್ಲಿ ಚೌಕಾಸಿ ಮಾಡಿ ಐದೂವರೆ ಸಾವಿರಕ್ಕೆ ಸಿಕ್ಕಿತು. ತನ್ನಷ್ಟಕ್ಕೆ ಕ್ಲಿಕ್ ಮಾಡುತ್ತ ಹೋಗುವ ಇಂಟರ್ವಲೋಮೀಟರ್ ಎಂಟುನೂರೋ ಒಂಬೈನೂರೋ. ಟ್ರೈಪಾಡ್‌ಗೆ ಮೊದಲು ಹಗುರವಾದದ್ದೊಂದು ಕೊಂಡು ಕಳೆದ ದುಡ್ಡು ಎರಡು ಸಾವಿರ; ಘಟ್ಟದ ಗಾಳಿಗೆ ಅದು ನಿಲ್ಲುವುದೇ ಇಲ್ಲ. ಈಗಿರುವ ಭಾರದ್ದು ನಾಲ್ಕು ಸಾವಿರ. ಸಾಫ್ಟ್‌ವೇರ್‌ಗೆ ಒಂದು ಪೈಸೆಯೂ ಇಲ್ಲ: ಸೀಕ್ವೇಟರ್, ಸಿರಿಲ್, ಗ್ರಾಎಕ್ಸ್‌ಪರ್ಟ್ ಎಲ್ಲ ಬಿಟ್ಟಿ. ಒಳ್ಳೆಯ ಟ್ರ್ಯಾಕರ್ ಒಂದಕ್ಕೇ ನಲವತ್ತು ಸಾವಿರದ ಮೇಲಾಗುತ್ತದೆ. ನನ್ನ ಇಡೀ ಸಾಮಾನು ಅದಕ್ಕಿಂತ ಕಡಿಮೆಗೆ ಮುಗಿದಿದೆ.

ಸಾವಿರ ಕ್ಲಿಕ್ಕಿಗೆ ಶಟರ್ ಹೋಗುತ್ತದೆ ಎಂದು ಹೆದರಿಸಿದವರು ಬಹಳ. ಶಟರ್ ಒಂದು ಲಕ್ಷ ಕ್ಲಿಕ್ ತಾಳುತ್ತದೆ ಎಂದು ಹಿಡಿಯಿರಿ, ಕ್ಲಿಕ್ಕಿಗೆ ಹದಿನೆಂಟು ಪೈಸೆ ಬೀಳುತ್ತದೆ. ಒಂದು ರಾತ್ರಿಗೆ ನೂರಾ ಎಂಬತ್ತು ರೂಪಾಯಿ. ಬೈಕಿನ ಪೆಟ್ರೋಲಿಗೇ ಮುನ್ನೂರು ಹೋಗುತ್ತದೆ.

ಮೂರೇ ಸೆಕೆಂಡು ಯಾಕೆ? ಆಕಾಶ ಸೆಕೆಂಡಿಗೆ 15 ಆರ್ಕ್ ಸೆಕೆಂಡು (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್ ಸೆಕೆಂಡು) ಸರಿಯುತ್ತದೆ. 1500ಡಿಯ ಮೇಲೆ 50 ಎಂಎಂ ಹಾಕಿದರೆ ಒಂದು ಪಿಕ್ಸೆಲ್ ಅಳೆಯುವುದೂ ಹೆಚ್ಚುಕಡಿಮೆ 15 ಆರ್ಕ್ ಸೆಕೆಂಡೇ. ಅಂದರೆ ಸೆಕೆಂಡಿಗೊಂದು ಪಿಕ್ಸೆಲ್. ನಕ್ಷತ್ರ ಗೆರೆಯಾಗದಂತೆ ಎಷ್ಟು ಸೆಕೆಂಡು ತೆಗೆಯಬಹುದು ಎಂದು ಹೇಳುವ 500ರ ಸೂತ್ರ ಆರು ಸೆಕೆಂಡು ಕೊಡುತ್ತದೆ, ಅದು ಫಿಲ್ಮ್ ಕಾಲದ ಲೆಕ್ಕ. ಆರಕ್ಕೆ ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದವಾಗುತ್ತವೆ. ಮೂರಕ್ಕೆ ದುಂಡಗೆ ಉಳಿಯುತ್ತವೆ. ಲೆನ್ಸನ್ನು ಎಫ್ 2.5ಕ್ಕೆ ಇಳಿಸುತ್ತೇನೆ, 1.8ರಲ್ಲಿ ಮೂಲೆಯ ನಕ್ಷತ್ರಗಳಿಗೆಲ್ಲ ರೆಕ್ಕೆ ಬರುತ್ತದೆ. ಐಎಸ್‌ಓ 1600. ಈ ಕ್ಯಾನನ್ ಸೆನ್ಸರ್‌ಗಳಲ್ಲಿ ಅದಕ್ಕಿಂತ ಕೆಳಗೆ ಹೋದರೆ ರೀಡ್ ನಾಯ್ಸ್ (ಸೆನ್ಸರನ್ನು ಓದುವಾಗ ಸೇರುವ ಕಲಬೆರಕೆ) ಜಾಸ್ತಿ, ಸಣ್ಣ ಎಕ್ಸ್‌ಪೋಷರ್‌ಗೆ ಅದು ಬಹಳ ಕಾಡುತ್ತದೆ. ಫೋಕಸ್‌ಗೆ ಜ್ಯೇಷ್ಠಾ ನಕ್ಷತ್ರ: ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕೆ ಅತಿ ಸಣ್ಣದಾದ ಕಡೆ ನಿಲ್ಲಿಸಿ, ರಿಂಗಿನ ಮೇಲೆ ಟೇಪ್.

"ಒಳ್ಳೆ ಫೋಟೊ ಬೇಕಾದರೆ ಲಡಾಖಿನ ಹಾನ್ಲೆಗೆ ಹೋಗು" ಎನ್ನುವವರಿಗೆ ನನ್ನ ಬಳಿ ಒಂದು ಲೆಕ್ಕ ಇದೆ. ಹಾನ್ಲೆಯ ಕತ್ತಲೆಗೆ ಸಾಟಿ ಇಲ್ಲ, 2022ರಲ್ಲಿ ಅದನ್ನು ಡಾರ್ಕ್ ಸ್ಕೈ ರಿಸರ್ವ್ (ಕತ್ತಲ ಆಕಾಶದ ರಕ್ಷಿತ ವಲಯ) ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಆಕಾಶಗಂಗೆಯ ಕೇಂದ್ರ ಇರುವುದು ಭೂಮಧ್ಯರೇಖೆಯ ನೇರ ಮೇಲಿನ ಆಕಾಶರೇಖೆಯಿಂದ ದಕ್ಷಿಣಕ್ಕೆ 29 ಡಿಗ್ರಿಯಲ್ಲಿ. ಹಾನ್ಲೆಯಲ್ಲಿ ಅದು ದಿಗಂತದಿಂದ 28 ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮ ಪುಣೆಯಲ್ಲಿ 42 ಡಿಗ್ರಿ ಏರುತ್ತದೆ. ನಾವು ಧಾರವಾಡ, ಬೆಳಗಾವಿ ಕಡೆ ಹೋದರೆ ಇನ್ನೂ ಮೂರು ಡಿಗ್ರಿ ಲಾಭ. ಎತ್ತರ ಏರಿದಷ್ಟೂ ಧೂಳಿನ ಪದರ ತೆಳು. ಏಪ್ರಿಲ್ ನಡುವಿನಲ್ಲಿ ರಾತ್ರಿ ಹನ್ನೊಂದೂವರೆಗೆ ಧನು ರಾಶಿ ಹುಟ್ಟುವಾಗಲೇ ಕ್ಲಿಕ್ ಶುರು ಮಾಡುವವರು ಬರೀ ಧೂಳನ್ನು ಹಿಡಿಯುತ್ತಾರೆ. ನಾನು ಎರಡೂವರೆ ತನಕ ಮಲಗಿರುತ್ತೇನೆ. ಎರಡೂವರೆಯಿಂದ ಐದರವರೆಗೆ, ಅಷ್ಟೇ ನನ್ನ ಕೆಲಸ.

ಜಾಗಕ್ಕೂ ಇದೇ ತರ್ಕ. ಊರಿನ ಬೆಳಕು ಬೆನ್ನಿಗಿರಬೇಕು, ಕ್ಯಾಮೆರಾ ದಕ್ಷಿಣಕ್ಕಿರಬೇಕು. ಪುಣೆಯವರು ಭೋರ್ ದಾಟಿ ವರಂಧಾ ಘಾಟಿನ ದಿಕ್ಕಿಗೆ ಹೋಗಲಿ. ಮುಂಬೈಯವರು ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಮುಂಬೈಯೇ ಚಿತ್ರದಲ್ಲಿ ಕೂರುತ್ತದೆ. ದಕ್ಷಿಣದ ಮುರುಡ್, ಕಾಶೀದ್ ಕಡೆ ಇಳಿಯುವುದು ಮೇಲು. ನನ್ನ ಜಾಗದ ಹೆಸರು ಮಾತ್ರ ಹೇಳುವುದಿಲ್ಲ. ಇದಕ್ಕೂ ಮುಂಚಿನ ಜಾಗವನ್ನು ನಾಲ್ಕು ಜನರಿಗೆ ಹೇಳಿದೆ, ಆಮೇಲೆ ಅಲ್ಲಿ ಕಾರುಗಳ ಹೆಡ್‌ಲೈಟ್ ಆರಿದ್ದೇ ಇಲ್ಲ. ಇನ್ನೊಂದು: ಹಗಲಲ್ಲೇ ಹೋಗಿ ಊರಿನ ಪೊಲೀಸ್ ಪಾಟೀಲರಿಗೆ ಹೇಳಿಬಿಡಿ. ನಡುರಾತ್ರಿ ಗುಡ್ಡದ ಮೇಲೆ ಕೆಂಪು ಟಾರ್ಚ್ ಕಂಡರೆ ಊರವರು ಕೋಲು ಹಿಡಿದು ಬರುತ್ತಾರೆ, ಅದು ಅವರ ಹಕ್ಕು. ಹೇಳಿಟ್ಟರೆ ಚಹಾ ಕೊಡುತ್ತಾರೆ.

ಹೆಚ್ಚು ರಾತ್ರಿಗಳನ್ನು ತಿಂದದ್ದು ಇಬ್ಬನಿ. ಮೂರು ಗಂಟೆಯ ಮೇಲೆ ಘಟ್ಟದಂಚಿನಲ್ಲಿ ಕೊಂಕಣದಿಂದ ತೇವ ಏರಿ ಬಂದರೆ ಹತ್ತೇ ನಿಮಿಷಕ್ಕೆ ಲೆನ್ಸ್ ಮಂಜು. ಅಂಗಡಿಯ ಡ್ಯೂ ಹೀಟರ್ ಎರಡು ಸಾವಿರ ಹೇಳಿದರು. ನಾನು ಪುಣೆಯ ತಪಕೀರ್ ಗಲ್ಲಿಯಲ್ಲಿ 220 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಇಪ್ಪತ್ತು ತಂದು, ಎಲ್ಲವನ್ನೂ ಸಮಾಂತರವಾಗಿ ಬೆಸೆದು, ಹಳೆಯ ಬೆಲ್ಟಿನ ಪಟ್ಟಿಯೊಳಗೆ ಹೊಲಿದೆ. ಯುಎಸ್‌ಬಿಯ 5 ವೋಲ್ಟಿಗೆ ಎರಡು ವ್ಯಾಟ್ ಚಿಲ್ಲರೆ. ಲೆನ್ಸ್ ಬೆಚ್ಚಗಿರಲು ಅಷ್ಟು ಸಾಕು, ಪವರ್ ಬ್ಯಾಂಕ್ ತನ್ನಷ್ಟಕ್ಕೆ ಆಫ್ ಆಗದಿರಲೂ ಆ ಕರೆಂಟ್ ಸಾಕು. ನೂರು ರೂಪಾಯಿಯೂ ಆಗಲಿಲ್ಲ. ಇಂದಿಗೂ ಅದೇ ಪಟ್ಟಿ ನಡೆಯುತ್ತಿದೆ.

ಎರಡನೆಯ ಕಾಟ ವಣವಾ. ಮಾರ್ಚ್-ಏಪ್ರಿಲ್‌ನಲ್ಲಿ ಇಲ್ಲಿನ ಗುಡ್ಡಗಳ ಒಣಹುಲ್ಲಿಗೆ ಬೆಂಕಿ ಬಿದ್ದರೆ ಎರಡು ದಿನ ಹೊಗೆ. ಅದಕ್ಕೆ ಉಪಾಯವಿಲ್ಲ, ಮನೆಗೆ ಮರಳುವುದೇ.

ಈಗ ಕೂಡಿಸುವ ಮಾತು. ಕ್ಯಾಮೆರಾವನ್ನು ಒಂದೇ ಕಡೆ ಬಿಟ್ಟು ಒಂದು ಗಂಟೆ ತೆಗೆದರೆ ಎರಡು ತೊಂದರೆ. ಆಕಾಶ ಗಂಟೆಗೆ 15 ಡಿಗ್ರಿ ಜಾರುವುದರಿಂದ ಮೊದಲ ಫ್ರೇಮಿಗೂ ಕೊನೆಯದಕ್ಕೂ ಅರ್ಧವೇ ಹೊಂದುತ್ತದೆ, ಅದೂ ಮೂಲೆಗಳಲ್ಲಿ ಕಲಸಿಹೋಗುತ್ತದೆ. ಇನ್ನೊಂದು, ಎಲ್ಲ ಒಂದೇ ದಿಕ್ಕಿಗೆ ಜಾರಿದ್ದರಿಂದ ಸೆನ್ಸರಿನ ಕಲೆಗಳು ಮಳೆಯ ಗೆರೆಗಳಾಗಿ ಉಳಿಯುತ್ತವೆ. ನನ್ನ ಮೊದಲ ಸೀಸನ್ ಪೂರಾ ಈ ಗೆರೆಗಳಿಗೇ ಬಲಿ. ಲೆನ್ಸ್ ಮುಚ್ಚಿ ತೆಗೆದ ಡಾರ್ಕ್ ಫ್ರೇಮ್ ಹಾಕಿದರೂ ಹೋಗಲಿಲ್ಲ. ಹೋದದ್ದು ಹೀಗೆ: ಹತ್ತು ನಿಮಿಷಕ್ಕೊಮ್ಮೆ, ಅಂದರೆ ಇನ್ನೂರು ಫ್ರೇಮಿಗೊಮ್ಮೆ, ಮತ್ತೆ ಗುರಿ ಹಿಡಿಯುವುದು. ಪ್ರತಿ ಸಲ ಬೇಕೆಂದೇ ಸ್ವಲ್ಪ ಆಚೀಚೆ. ಎಷ್ಟು ಆಚೆ, ಯಾವ ಕ್ರಮದಲ್ಲಿ ಎನ್ನುವುದು ನನ್ನ ಕೈಗೆ ಕೂತ ಗುಟ್ಟು, ಅದು ನನ್ನಲ್ಲೇ ಇರಲಿ. ಚಿತ್ರದ ಮೂಲೆಗಳ ಮಬ್ಬು ಸರಿಪಡಿಸುವ ಫ್ಲ್ಯಾಟ್ ಫ್ರೇಮ್‌ಗೆ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಲೆನ್ಸಿಗೆ ಸುತ್ತಿ, ಬೆಳಗಾಗುವಾಗ ನೆತ್ತಿಯ ಆಕಾಶಕ್ಕೆ ಹಿಡಿಯುತ್ತೇನೆ. ಅದಿಲ್ಲದೆ ಗ್ರೇಡಿಯಂಟ್ (ಹಿನ್ನೆಲೆ ಬೆಳಕಿನ ಏರಿಳಿತ) ತೆಗೆಯಲು ಹೋದರೆ ಚಿತ್ರದ ನಡುವೆ ಬಿಳಿ ಬೊಟ್ಟು ಉಳಿಯುತ್ತದೆ.

ಒಂದು ರಾತ್ರಿಗೆ ಇಪ್ಪತ್ತೈದು, ಮೂವತ್ತು ಜಿಬಿ. ನನ್ನ ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಬೆಳಗಿನವರೆಗೆ ಫ್ಯಾನ್ ಕೂಗಿಸುತ್ತ ಕೂಡಿಸುತ್ತದೆ. ಉಳಿದ ಫ್ರೇಮುಗಳಿಗೆ ಹೊಂದದ ಚುಕ್ಕೆಗಳನ್ನು ಕೈಬಿಡುವ ಸಿಗ್ಮಾ ಕ್ಲಿಪ್ಪಿಂಗ್ ಹಾಕಿದರೆ ವಿಮಾನ, ಸ್ಯಾಟಲೈಟ್ ಎಲ್ಲ ಮಾಯ.

ಲೈಟ್ ಪೊಲ್ಯೂಷನ್ ಫಿಲ್ಟರಿಗೆ ನಾಲ್ಕು ಸಾವಿರ ಹಾಕಿದ್ದೆ, ಅದು ದಂಡ. ಸೋಡಿಯಂ ದೀಪಗಳ ಬೆಳಕು 589 ನ್ಯಾನೊಮೀಟರ್‌ನ ಸುತ್ತ ಗುಂಪಾಗಿರುತ್ತಿತ್ತು, ಫಿಲ್ಟರ್ ಅದನ್ನು ಕತ್ತರಿಸುತ್ತಿತ್ತು. ಈಗ ಬೀದಿಗಳಲ್ಲಿ ಬಿಳಿ ಎಲ್‌ಇಡಿ, ಎಲ್ಲ ಬಣ್ಣಕ್ಕೂ ಹರಡಿದ ಬೆಳಕು. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಮಧ್ಯೆ ಒಂದು ಬೇರೆ ಪ್ರಯೋಗ. ಮೇ ಕೊನೆಗೆ ಮಳೆಗೆ ಮುಂಚೆ ಭಂಡಾರದರಾ ಕಡೆ ಮಿಂಚುಹುಳಗಳ ಸುಗ್ಗಿ. ಅಲ್ಲಿ ತೆಗೆದ ಫ್ರೇಮ್‌ಗಳನ್ನು ಸರಾಸರಿ ಮಾಡಿದರೆ ಹುಳಗಳು ಅಳಿಸಿಹೋಗುತ್ತವೆ. ಪ್ರತಿ ಚುಕ್ಕೆಯಲ್ಲೂ ಅತಿ ಹೆಚ್ಚು ಬೆಳಕಿನದನ್ನೇ ಉಳಿಸುವ ಲೈಟನ್ ಮೋಡ್‌ನಲ್ಲಿ ಕೂಡಿಸಿದರೆ ಮರ ತುಂಬ ಮಿಂಚು. ಆಕಾಶಕ್ಕೆ ಒಂದು ವಿಧ, ಮರಗಳಿಗೆ ಇನ್ನೊಂದು, ಆಮೇಲೆ ಎರಡನ್ನೂ ಜೋಡಿಸಿದೆ. ನನಗೆ ಬಹಳ ಇಷ್ಟವಾದ ಚಿತ್ರ ಅದು. ದಕ್ಷಿಣ ಗೋವಾದ ಗಲ್ಜಿಬಾಗ್ ಕಡಲತೀರದಲ್ಲೂ ಮಾಡಿ ನೋಡಿದೆ; ದಿಗಂತದಲ್ಲಿ ಮೀನು ದೋಣಿಗಳ ದೀಪ, ಲೆನ್ಸಿನ ಮೇಲೆ ಉಪ್ಪು. ಅಲ್ಲಿ ಕಡಲಾಮೆಗಳು ಮೊಟ್ಟೆ ಇಡುವುದರಿಂದ ಟಾರ್ಚ್ ಹಚ್ಚಲೇಬಾರದು. ಮತ್ತೆ ಹೋಗಲಿಲ್ಲ.

ಕಾಕಾ ಅವರ ಟ್ರ್ಯಾಕರಿಗೂ ನನ್ನ ವಿಧಾನಕ್ಕೂ ಒಂದೇ ರಾತ್ರಿ, ಒಂದೇ ಬಗೆಯ ಲೆನ್ಸಿನಲ್ಲಿ ಪೈಪೋಟಿ ಇಟ್ಟೆವು. ಅವರದು ಎರಡು ನಿಮಿಷದ ಇಪ್ಪತ್ತರಷ್ಟು ಫ್ರೇಮ್, ನನ್ನದು ಮೂರು ಸೆಕೆಂಡಿನ ಸಾವಿರ. ಜ್ಯೇಷ್ಠಾ ಸುತ್ತಲಿನ ಹಳದಿ-ನೀಲಿ ಮೋಡದ ತೆಳು ಅಂಚು ಅವರದರಲ್ಲಿ ಹೆಚ್ಚು ಕಾಣುತ್ತದೆ, ಒಪ್ಪುತ್ತೇನೆ. ಲಗೂನ್ ನೆಬ್ಯುಲಾ ಎಂಬ ಅನಿಲ ಮೋಡದ ಗುಲಾಬಿ, ಮೂಲಾ ನಕ್ಷತ್ರದ ಮೇಲಿನ ಕಪ್ಪು ಸೀಳುಗಳು, ಇವುಗಳಲ್ಲಿ ವ್ಯತ್ಯಾಸ ಹುಡುಕಿ ತೋರಿಸಿ ನೋಡೋಣ. ಅವರು ಪೋಲಾರ್ ಅಲೈನ್‌ಮೆಂಟಿಗೆ (ಟ್ರ್ಯಾಕರನ್ನು ಧ್ರುವದ ದಿಕ್ಕಿಗೆ ಹೊಂದಿಸಲು) ಅರ್ಧ ಗಂಟೆ ಪರದಾಡಿದರು, ಧ್ರುವ ನಕ್ಷತ್ರ ಗುಡ್ಡದ ಹಿಂದಿತ್ತು. ಅಷ್ಟರಲ್ಲಿ ನನ್ನವು ಐನೂರು ಫ್ರೇಮ್ ಆಗಿದ್ದವು.

ಜೂನ್ ಬಂದರೆ ನಾಲ್ಕು ತಿಂಗಳು ಆಕಾಶವಿಲ್ಲ, ಆದರೆ ಲೆನ್ಸಿಗೆ ಫಂಗಸ್ ಹಿಡಿಯುವ ಕಾಲವೂ ಅದೇ. ಒಮ್ಮೆ ಶುಚಿ ಮಾಡಿಸಲು ಸಾವಿರದ ಇನ್ನೂರು ಕೊಟ್ಟೆ, ಹೆಚ್ಚುಕಡಿಮೆ ಲೆನ್ಸಿನ ಕಾಲು ಬೆಲೆ. ಈಗ ಗಟ್ಟಿ ಮುಚ್ಚಳದ ಅಕ್ಕಿ ಡಬ್ಬಿಯಲ್ಲಿ ಅರ್ಧ ಕಿಲೊ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ಮುಳ್ಳು ಐವತ್ತು ದಾಟಿದರೆ ಜೆಲ್ಲನ್ನು ಬಾಣಲೆಯಲ್ಲಿ ಹುರಿದು ತಣಿಸಿ ಮತ್ತೆ ಇಡುತ್ತೇನೆ. ನವೆಂಬರ್ ಅಮಾವಾಸ್ಯೆಗೆ ಇದೇ ಲೆನ್ಸನ್ನು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕಡೆ ತಿರುಗಿಸುವ ಯೋಚನೆ ಇದೆ. ಕಾಕಾ ಈ ಸಲ ಟ್ರ್ಯಾಕರ್ ಮನೆಯಲ್ಲೇ ಬಿಟ್ಟು ಬರುತ್ತೇನೆ ಅಂದಿದ್ದಾರೆ.